ಎಲೆ ಕೋಣೆಯ ಸಿಪಿಯು

“ಆ ಮನ್ಯಾಗ ಗಂಡಸಂದ್ರ ಬಸವೇಶ ಅಲ್ಲವಾ. ಮ್ಯಾಲೆ ಅಟ್ಟದಾಗ ಕುಂತು ಬಂದೂಕ ಹಾರಸ್ತಾಳಲ್ಲ, ಅಕಿ,” ಎಂದು ಎದುರು ಮನೆಯ ಯಂಕವ್ವ ಹೇಳುತ್ತಿದ್ದಳು. ಹೇಳುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದಳು, ಆದರೆ ದನಿ ಮಾತ್ರ ಓಣಿಯ ತುದಿಯವರೆಗೆ ಕೇಳುತ್ತಿತ್ತು.

ಸವಣೂರಿನ ಎಲೆಗಾರರ ಓಣಿಯಲ್ಲಿ ನೀಲಾಂಬಿಕಾಳ ಬಗ್ಗೆ ಒಂದು ಒಳ್ಳೆಯ ಮಾತು ಬೇಕೆಂದರೆ ಹುಡುಕಿಕೊಂಡು ಹೋಗಬೇಕಿತ್ತು. ಅವಳಿಗೆ ಗಾಳಿ ಹಿಡಿದಿದೆ ಎಂದವರಿದ್ದರು. ಕಿವಿಗೆ ಎರಡು ಬಟ್ಟಲು ಕಟ್ಟಿಕೊಂಡು ಕಂಡವರ ಜೊತೆ ಮಾತಾಡುತ್ತಾಳೆ ಎಂದವರಿದ್ದರು. “ಬಲಕ್ಕ ಬಾ, ಬಲಕ್ಕ ಬಾ, ಬೆನ್ನ ಹಿಂದ ಅದಾನ, ಹೊಡಿ ಅವನ್ನ!” ಎಂದು ಅಟ್ಟದಿಂದ ಕೂಗು ಬಂದಾಗ ಹಾಲು ಹಾಕುವ ಹನುಮಂತಪ್ಪ ಸೈಕಲ್ಲಿನಿಂದ ಇಳಿದು ತನ್ನ ಬೆನ್ನ ಹಿಂದೆ ನೋಡಿಕೊಂಡದ್ದುಂಟು.

ಆಡಿದ ಮಾತೆಲ್ಲ ಅವಳ ಕಿವಿಗೂ ಬೀಳುತ್ತಿತ್ತು. ಅವಳೂ ಸುಮ್ಮನೆ ಕೇಳಿಕೊಂಡು ಕೂಡುವವಳಲ್ಲ. ಕಿಟಕಿಯಿಂದ ತಲೆ ಹೊರಹಾಕಿ, “ಯಂಕವ್ವಾ, ನೀನೂ ನಮ್ಮ ಟೀಮಿಗೆ ಬರ್ತಿಯೇನ? ನಿನ್ನ ಬಾಯಿ ಇದ್ರ ನಮಗ ಗುಂಡಿನ ಖರ್ಚ ಉಳಿತೈತಿ,” ಎನ್ನುತ್ತಿದ್ದಳು. ಯಂಕವ್ವ ಅದಕ್ಕೆ ಒಂದು ಹೇಳುತ್ತಿದ್ದಳು, ಇವಳು ಇನ್ನೊಂದು. ಓಣಿಗೆ ಹೊತ್ತು ಹೋಗುತ್ತಿತ್ತು.

ನೀಲಾಂಬಿಕಾ ನಲವತ್ತರ ಹತ್ತಿರ ಬಂದಿದ್ದ ಹೆಂಗಸು. ಅಜ್ಜಪ್ಪನೆಂಬ ಅವಳ ಅಪ್ಪ ಸಾಯುವಾಗ ವೀಳ್ಯದ ಎಲೆಬಳ್ಳಿಯ ತೋಟ ಬಿಟ್ಟು ಹೋಗಿದ್ದ. ತೋಟ ತಮ್ಮ ಬಸವೇಶನ ಹೆಸರಿಗೆ ಬಂತು, ಮನೆ ತಾಯಿ ಹಾಲವ್ವನ ಕೈಗೆ ಬಂತು, ಎಲೆ ಆರಿಸುವ ಕೆಲಸ ನೀಲಾಂಬಿಕಾಳ ಪಾಲಿಗೆ ಬಂತು. ಕೊಯ್ದು ತಂದ ಎಲೆಯನ್ನು ಸಣ್ಣದು ದೊಡ್ಡದು ಬೇರೆ ಮಾಡಿ, ಹರಿದದ್ದು ತೂತಾದದ್ದು ತೆಗೆದು, ಒಂದರ ಮೇಲೊಂದು ಜೋಡಿಸಿ ಬಾಳೆ ನಾರಿನಿಂದ ಕವಳಿ ಕಟ್ಟುವುದು. ಬೆಳಿಗ್ಗೆ ಕೂತರೆ ಊಟದ ಹೊತ್ತಿನ ತನಕ ಅವಳ ಬೆರಳು ನಿಲ್ಲುತ್ತಿರಲಿಲ್ಲ. ಕಣ್ಣು ನೋಡುವ ಮೊದಲೇ ಬೆರಳು ಎಲೆಯ ತಪ್ಪನ್ನು ಹಿಡಿಯುತ್ತಿತ್ತು. ಆ ಬೆರಳನ್ನು ಮನೆಯವರು ಕೊಡಲಿ, ಕುಡಗೋಲಿನ ಸಾಲಿನಲ್ಲಿ ಲೆಕ್ಕ ಹಿಡಿದಿದ್ದರು. ಅದಕ್ಕೆ ಹೆಸರೂ ಇಲ್ಲ, ಹೊಗಳಿಕೆಯೂ ಇಲ್ಲ.

ಮದುವೆಯ ಮಾತು ಬಂದಿರಲಿಲ್ಲವೆಂದಲ್ಲ. ಹಿರೇಬೆಂಡಿಗೇರಿಯವರು ಕೊನೆಗೊಮ್ಮೆ ನೋಡಲು ಬಂದಿದ್ದರು. ಹುಡುಗನ ಸೋದರಮಾವ ಅವಲಕ್ಕಿಯ ತಟ್ಟೆ ಕೈಯಲ್ಲಿ ಹಿಡಿದು, “ತಂಗಿ, ಮನಿ ಕೆಲಸ ಎಲ್ಲಾ ಬರ್ತಾವಿಲ್ಲೋ?” ಎಂದು ಕೇಳಿದ.

“ಬರ್ತಾವರಿ,” ಎಂದಳು ನೀಲಾಂಬಿಕಾ. “ಆದ್ರ ಕಂಪ್ಯೂಟರಿನಾಗ ಗೇಮ್ ಚಾಲೂ ಇದ್ದಾಗ ನಡುವ ಎದ್ದು ಬರಾಕ ಆಗಂಗಿಲ್ಲರಿ. ಮೊದಲ ಹೇಳಿ ಬಿಡ್ತೇನಿ.”

ಅವಲಕ್ಕಿ ಅರ್ಧಕ್ಕೇ ಉಳಿಯಿತು. ಅವರ ಗಾಡಿ ಓಣಿ ದಾಟಿದ ಮೇಲೆ ಹಾಲವ್ವ ತಟ್ಟೆಗಳನ್ನು ಒಂದೊಂದಾಗಿ ಅಂಗಳಕ್ಕೆ ಎಸೆದಳು. ಅಂದಿನಿಂದ ಮಗಳನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟಳು. ಉಣ್ಣಲು ಕರೆಯಬೇಕಾದರೆ ಗೋಡೆಗೆ ಮುಖ ಮಾಡಿ, “ಗುಂಡ ಹಾರಸೋದು ಮುಗದಿದ್ರ ಬಂದು ನುಂಗು ಅನ್ರಿ,” ಎನ್ನುತ್ತಿದ್ದಳು. ಯಾರಿಗೆ ಹೇಳುತ್ತಿದ್ದಳೋ, ಬಸವೇಶ ತೋಟಕ್ಕೆ ಹೋದ ಮೇಲೆ ಮನೆಯಲ್ಲಿ ಮೂರನೆಯವರು ಇರುತ್ತಿರಲಿಲ್ಲ.

ಇನ್ನು ಆ ಕಂಪ್ಯೂಟರಿನ ಕತೆ. ಊರಿನ ಒಂದು ಕಂಪ್ಯೂಟರ್ ಕ್ಲಾಸು ಮುಚ್ಚಿದಾಗ ಅಲ್ಲಿನ ಹಳೆಯ ಡಬ್ಬಿಗಳನ್ನೆಲ್ಲ ಮುಸ್ತಾಕ ಎತ್ತಿಕೊಂಡು ಬಂದಿದ್ದ. ಖಾರದ ಅಂಗಡಿಯ ಪಕ್ಕದಲ್ಲಿ ಅವನದು ರಿಪೇರಿ ಅಂಗಡಿ. ಮೊಬೈಲಿನ ಗಾಜು ಬದಲಿಸಲು ಹೋಗಿದ್ದ ನೀಲಾಂಬಿಕಾ ಅಲ್ಲಿ ಬಿಚ್ಚಿ ಬಿದ್ದಿದ್ದ ಬೋರ್ಡುಗಳನ್ನು ನೋಡುತ್ತ ಕೂತಳು. ಮರುದಿನ ಮತ್ತೆ ಹೋದಳು. ಯಾವ ಕಾರ್ಡು ಎಲ್ಲಿ ಕೂಡುತ್ತದೆ, ಯಾವ ವಾಯರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ ಕೇಳಿ ಅವನ ತಲೆ ತಿಂದಳು. ಕಡೆಗೆ ಒಬ್ಬರ ಮದರ್‌ಬೋರ್ಡು, ಇನ್ನೊಬ್ಬರ ಹಾರ್ಡ್‌ಡಿಸ್ಕು, ಮುಚ್ಚಳವಿಲ್ಲದ ಒಂದು ತಗಡಿನ ಪೆಟ್ಟಿಗೆ ಎಲ್ಲ ಸೇರಿ ಅವಳದೊಂದು ಸಿಪಿಯು ಆಯಿತು. ಒಳಗಿನ ವಾಯರುಗಳನ್ನೆಲ್ಲ ಅವಳು ಬಾಳೆ ನಾರಿನಿಂದ ಬಿಗಿದಿದ್ದಳು.

“ಅಕ್ಕಾರ, ಇದು ಕಂಪ್ಯೂಟರೋ, ಎಲಿ ಕವಳಿಯೋ?” ಎಂದು ಮುಸ್ತಾಕ ನಕ್ಕ.

“ಜಗ್ಗಿ ನೋಡು, ಒಂದರ ಜಾರ್ತೈತೇನ,” ಎಂದಳು ಅವಳು. ಜಾರಲಿಲ್ಲ.

ಮನೆಯಲ್ಲಿ ಅವಳದೆಂದು ಹೇಳಿಕೊಳ್ಳಲು ಇದ್ದದ್ದು ಅದೊಂದೇ. ಎಲೆ ಮನೆಯದು, ಅವಳ ಹೊತ್ತು ಮನೆಯದು, ನಿದ್ದೆ ಕೂಡ ಮನೆಯದು, ಹಾಲವ್ವ ಎಬ್ಬಿಸಿದಾಗ ಏಳಬೇಕು. ಆದರೆ ಆಟದೊಳಗೆ ಹೋದಾಗ ಮನೆಗೆ ಅದರಿಂದ ಏನೂ ಸಿಗುತ್ತಿರಲಿಲ್ಲ. ಯಾರಿಗೂ ಏನೂ ಸಿಗದ ಆ ಹೊತ್ತೇ ಅವಳ ಹೊತ್ತು. ಬೇರೆ ಬೇರೆ ಊರಿನವರು ಇಂಟರ್ನೆಟ್ಟಿನಲ್ಲಿ ಕೂಡಿ ಆಡುವ ಬಂದೂಕಿನ ಆಟ ಅದು. ನಾಲ್ಕು ಜನರ ಒಂದು ತಂಡದಲ್ಲಿ ಅವಳೂ ಒಬ್ಬಳು. ಅದರಲ್ಲಿ ಸಂಪದಾ ಎಂಬವಳು ಹಾನಗಲ್ಲಿನವಳು, ಅಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಮುಖ ನೋಡಿರಲಿಲ್ಲ, ದನಿ ಮಾತ್ರ ಗೊತ್ತು. ಆ ದನಿ ನೀಲಾಂಬಿಕಾಳನ್ನು “ನೀಲಕ್ಕ” ಎಂದು ಕರೆಯುತ್ತಿತ್ತು, “ಆ ಮನಿ ಮಾಳಗಿ ಮ್ಯಾಲೆ ನೀವ ಕುಂದರ್ರಿ, ನಿಮ್ಮಷ್ಟು ಗುರಿ ಯಾರಿಗೂ ಇಲ್ಲ,” ಎನ್ನುತ್ತಿತ್ತು. ಬೆರಳಿಗೆ ಅಂಥ ಮಾತು ಬೇರೆ ಎಲ್ಲಿಯೂ ಸಿಕ್ಕಿರಲಿಲ್ಲ.

ಹೀಗಿರುವಾಗ ಆ ಆಟವನ್ನು ಮಾಡಿದವರು ಅದನ್ನು ಹೊಸದು ಮಾಡಿದರು. ಬೆಟ್ಟ, ಮಂಜು, ನೀರು ಎಲ್ಲ ಕಣ್ಣಿಗೆ ಕಟ್ಟುವಂತಾಯಿತು, ಹಳೆಯ ಮಿಷನ್ನುಗಳು ಏದುಸಿರು ಬಿಡಲು ಹತ್ತಿದವು.

“ನೀಲಕ್ಕ, ಹಿಂಗಾದ್ರ ಹೆಂಗ್ರಿ?” ಎಂದಳು ಸಂಪದಾ. “ನಿಮ್ಮ ಮನುಷ್ಯಾ ನಿಂತಲ್ಲೇ ನಿಂತಿರ್ತಾನ. ಅವಾ ತಿರುಗಿ ನೋಡೂದರಾಗ ನಾವು ಮೂರೂ ಮಂದಿ ಸತ್ತು ಹೋಗಿರ್ತೇವಿ.”

ಗ್ರಾಫಿಕ್ಸ್ ಕಾರ್ಡು ಬದಲಿಸದೆ ಬೇರೆ ದಾರಿ ಇರಲಿಲ್ಲ. ನೀಲಾಂಬಿಕಾ ಬೇಸಿಗೆಯೆಲ್ಲ ಮುಸ್ತಾಕನ ಅಂಗಡಿಯಲ್ಲಿ ಮಿಷನ್ನು ಜೋಡಿಸಿಕೊಟ್ಟಳು. ಅದಕ್ಕೆ ಬದಲಾಗಿ ಅವನು ಎಲ್ಲಿಂದಲೋ ತರಿಸಿದ್ದ ಒಂದು ದೊಡ್ಡ ಹಳೆಯ ಕಾರ್ಡನ್ನೂ ಅದಕ್ಕೆ ಸಾಲುವಷ್ಟು ಗಟ್ಟಿ ಪವರ್ ಸಪ್ಲೈಯನ್ನೂ ಕೊಟ್ಟ. ಇಟ್ಟಿಗೆಯಷ್ಟು ಉದ್ದ, ಮೈಮೇಲೆ ಮೂರು ಫ್ಯಾನು. “ಓಡೂದ ಚಲೋ ಓಡ್ತೈತ್ರಿ ಅಕ್ಕಾರ, ಆದ್ರ ಉಸರ ಬಿಟ್ರ ಬೆಂಕಿ,” ಎಂದು ಮೊದಲೇ ಹೇಳಿದ್ದ. ಪೆಟ್ಟಿಗೆಯಲ್ಲಿ ಹಿಡಿಸಲಿಲ್ಲ. ಅವಳು ಅಂಗಳದಲ್ಲಿ ಕೂತು ತಗಡನ್ನೇ ಕೊಯ್ದಳು.

“ಎಲಿ ಕೊಯ್ಯೂ ಹೊತ್ತಿನಾಗ ತಗಡ ಕೊಯ್ಯಾಕತ್ತಾಳ ನೋಡವಾ ನಿನ್ನ ಮಗಳು,” ಎಂದ ಬಸವೇಶ.

“ನಿನ್ನ ಮೂಗ ಅಡ್ಡ ಬಂದ್ರ ಅದನ್ನೂ ಕೊಯ್ತೇನಿ, ಸರಿ ಅತ್ಲಾಗ,” ಎಂದಳು ಅಕ್ಕ.

ಕಾರ್ಡು ಕೂತಿತು, ಆಟ ಓಡಿತು. ಆದರೆ ಅಟ್ಟದ ಮೇಲೆ ತಗಡಿನ ಮಾಡು. ಬಿಸಿಲು ಏರಿದ ಹಾಗೆ ಅದು ರೊಟ್ಟಿಯ ಹಂಚಾಗುತ್ತಿತ್ತು. ಅದರ ಕೆಳಗೆ ಈ ಕಾರ್ಡಿನ ಉಸಿರು ಬೇರೆ. ಗುರಿ ಹಿಡಿದು ಇನ್ನೇನು ಹೊಡೆಯಬೇಕು ಎನ್ನುವಾಗ ಮಿಷನ್ನು ಕಾವು ತಡೆಯದೆ ಬಂದ್ ಆಗುತ್ತಿತ್ತು. ಆ ಮನೆಯಲ್ಲಿ ಬೇಸಿಗೆಯಲ್ಲೂ ತಣ್ಣಗಿರುವ ಜಾಗ ಒಂದೇ. ಅದು ಎಲೆ ಕೋಣೆ.

ಎಲೆ ಕೋಣೆಗೆ ಕಿಟಕಿಯಿಲ್ಲ. ಮೊಳದಗಲದ ಮಣ್ಣಿನ ಗೋಡೆ, ಕೆಳಗೆ ಹಸಿ ಗೋಣಿತಟ್ಟು, ಅದರ ಮೇಲೆ ಎಲೆ ತುಂಬಿದ ಬಿದಿರಿನ ಪುಟ್ಟಿಗಳು, ಪುಟ್ಟಿಯ ಮೇಲೆ ಮತ್ತೆ ಹಸಿ ತಟ್ಟು. ತೋಟಕ್ಕೆ ಇದ್ದ ಮಡಿ ಅದಕ್ಕೂ ಇತ್ತು. ಸ್ನಾನ ಮಾಡದೆ ಒಳಗೆ ಹೋಗುವಂತಿಲ್ಲ, ಹೆಣ್ಣುಮಕ್ಕಳು ತಿಂಗಳ ಮುಟ್ಟಿನ ದಿನಗಳಲ್ಲಿ ಬಾಗಿಲ ಹತ್ತಿರವೂ ಸುಳಿಯುವಂತಿಲ್ಲ. ಎಲೆಬಳ್ಳಿಗೆ ಅದೆಲ್ಲ ಗೊತ್ತಾಗುತ್ತದೆ, ಮುನಿಸಿಕೊಂಡು ಒಣಗುತ್ತದೆ ಎಂದು ಎಲೆಗಾರರ ನಂಬಿಕೆ. ನೀಲಾಂಬಿಕಾ ಸಿಪಿಯು ಎತ್ತಿಕೊಂಡು ಬಂದು ಆ ಬಾಗಿಲಲ್ಲಿ ನಿಂತಾಗ ಹಾಲವ್ವ ಅಡ್ಡ ನಿಂತಳು.

“ಎಲಿ ಕೋಣ್ಯಾಗ ಮಿಷನ್ ಇಡ್ತಾಳಂತ! ನಾಳಿಗೆ ಎಮ್ಮಿ ತಂದು ಕಟ್ಟು!”

“ಎಮ್ಮಿ ಎದಕ್ಕ? ನಿನ್ನ ಮಗನ್ನ ಕಟ್ಟೇನಿ. ಅಲ್ಲೇ ಮೇಯ್ಕೊಂಡಿರ್ಲಿ.”

ಮಾತಿಗೆ ಮಾತು ಬೆಳೆಯಿತು. ಒಳಗೆ ಬಿಡುವುದಿಲ್ಲ ಎಂದು ಅವರು, ಹಾಗಾದರೆ ಎಲೆ ಮುಟ್ಟುವುದಿಲ್ಲ ಎಂದು ಇವಳು. ಕೊಯ್ದ ಎಲೆ ಅಂಗಳದಲ್ಲಿ ರಾಶಿ ಬಿದ್ದಿತು. ತಾಯಿ ಮಗ ಕೂಡಿ ಕಟ್ಟಿದ ಕವಳಿಯನ್ನು ವ್ಯಾಪಾರಿಗಳು ಬಿಚ್ಚಿ ನೋಡಿ, “ಇದನ್ನ ಮೇಕಿಗೆ ಹಾಕ್ರಿ,” ಎಂದು ತಿರುಗಿ ಕಳಿಸಿದರು. ಕಡೆಗೆ ಬಸವೇಶ ಬಂದು ಅಟ್ಟದ ಮೆಟ್ಟಿಲ ಕೆಳಗೆ ನಿಂತ. ಮೇಲೆ ಹತ್ತಲಿಲ್ಲ.

“ಮೂಲ್ಯಾಗ ಇಟ್ಕೊ. ಆದ್ರ ಮುಟ್ಟಾದಾಗ ಒಳಗ ಕಾಲ ಇಟ್ಟಿ ಅಂದ್ರ ಆ ಡಬ್ಬಿ ಹಳ್ಳದಾಗ ಇರ್ತೈತಿ, ನೋಡ ಅಕ್ಕಾ.”

ಅವಳು ಆ ಮಾತು ಮೀರಲಿಲ್ಲ. ಜಗಳಗಂಟಿಯೇ ಹೊರತು ಸುಳ್ಳುಗಾರ್ತಿಯಲ್ಲ. ಕೋಣೆಯ ತಂಪಿನಲ್ಲಿ ಮಿಷನ್ನು ನಿಲ್ಲದೆ ಓಡಿತು. ಮಾಳಿಗೆಯ ಮೇಲೆ ಅವಳ ಗುರಿ ಮತ್ತೆ ಹತ್ತಿತು. ಕವಳಿ ಕಟ್ಟಿ ಮುಗಿಸುವುದು, ಆಟಕ್ಕೆ ಕೂಡುವುದು. ಯಂಕವ್ವನಿಗೆ ಅಟ್ಟದ ಕೂಗು ಕೇಳದೆ ಮಾತಿಗೆ ಬರ ಬಂತು.

ಕೆಲ ದಿನಕ್ಕೆ ಬಸವೇಶ ಸಿಪಿಯುವಿನ ಹಿಂದೆ ಇದ್ದ ಪುಟ್ಟಿಯ ತಟ್ಟು ಎತ್ತಿದ. ಎತ್ತಿದವನು ಅಲ್ಲೇ ಕೂಗಿಕೊಂಡ. ಹಸಿರು ಎಲೆ ಹಸಿರಿರಲಿಲ್ಲ. ಮಾಗಿದ ಬಾಳೆಯ ಸಿಪ್ಪೆಯ ಹಾಗೆ ಹಳದಿ ತಿರುಗಿ ಬಿಳಿಚಿಕೊಂಡಿತ್ತು. ಮಿಷನ್ನಿನ ಬಿಸಿ ಗಾಳಿ ಹಸಿ ತಟ್ಟಿನೊಳಗೆ ಹೊಕ್ಕು ಎಲೆಯನ್ನು ಹಬೆಯಲ್ಲಿ ಇಟ್ಟಂತೆ ಮಾಡಿತ್ತು. ಅವನು ಪುಟ್ಟಿಯನ್ನು ಅಂಗಳಕ್ಕೆ ಒದ್ದ.

“ಅಪ್ಪನ ಬಳ್ಳಿ ಎಲಿ ಬೇಯಿಸಿ ಇಟ್ಟಿಯಲ್ಲಲೇ!”

“ಮುಟ್ಟಾದಾಗ ಒಳಗ ಹೋಗ್ಯಾಳ,” ಎಂದಳು ಹಾಲವ್ವ. “ನನಗ ಗೊತ್ತೈತಿ. ನನ್ನ ಕಣ್ಣಿಗೆ ಮಣ್ಣ ಹಾಕಬಹುದು, ಬಳ್ಳಿ ಕಣ್ಣಿಗೆ ಹಾಕಾಕ ಆಗಂಗಿಲ್ಲ.”

“ನಾ ಹೋಗಿಲ್ಲ.”

“ಹೋಗಿಲ್ಲಂತ! ಎಲಿ ಮಾರಿ ನೋಡು, ನಿನ್ನ ಮಾರಿ ನೋಡ್ಕೊ!”

ಓಣಿಯ ಹೆಂಗಸರು ಬಾಗಿಲಲ್ಲಿ ನೆರೆದರು. ಕಾವಿನಿಂದ ಹೀಗಾಗಿದೆ ಎಂದು ನೀಲಾಂಬಿಕಾ ಹೇಳಿದರೆ ಕೇಳುವವರಿಲ್ಲ. ತಪ್ಪು ಅವಳದೇ ಆಗಿತ್ತು, ಆದರೆ ಅವರು ಹೊರಿಸಿದ ತಪ್ಪು ಅವಳದಾಗಿರಲಿಲ್ಲ. ಅದೇ ಅವಳಿಗೆ ಚುಚ್ಚಿತು. ಅಂದು ಅವಳು ಉಣ್ಣಲಿಲ್ಲ, ಯಾರೂ ಉಣ್ಣೆನ್ನಲಿಲ್ಲ.

ಬಸವೇಶ ಜಿಪುಣ. ಅಂಗಳದಲ್ಲಿ ಚೆಲ್ಲಿದ ಎಲೆಯನ್ನೂ ಆರಿಸಿ, ಹುಬ್ಬಳ್ಳಿಗೆ ಹೋಗುವ ಮಾಲಿನ ತಳಕ್ಕೆ ತುಂಬಿ ಕಳಿಸಿದ. ಅಲ್ಲಿನ ವ್ಯಾಪಾರಿ ತಳ ನೋಡದೆ ಬಿಡುವನೇ? ಮರುದಿನವೇ ಫೋನು ಬಂತು. ಬಸವೇಶ ಬೈಗಳಕ್ಕೆ ಕಿವಿ ಗಟ್ಟಿ ಮಾಡಿಕೊಂಡು ಎತ್ತಿದ. ಆ ಕಡೆಯವನು ಬೈಯಲಿಲ್ಲ. ಬಿಳಿ ಎಲೆ ಬಾಯಲ್ಲಿ ಇಟ್ಟರೆ ಕರಗುತ್ತದೆ, ಖಾರವಿಲ್ಲ, ನಾರಿಲ್ಲ, ದೊಡ್ಡ ಪಾನ್ ಅಂಗಡಿಯವರು ಅದನ್ನೇ ಕೇಳುತ್ತಿದ್ದಾರೆ, ಎಷ್ಟಿದೆಯೋ ಅಷ್ಟೂ ಕಳಿಸು ಎಂದ.

ಬಸವೇಶ ಫೋನು ಇಟ್ಟು ಅಕ್ಕನ ಹತ್ತಿರ ಬಂದನೇ? ಬರಲಿಲ್ಲ. ನೆಟ್ಟಗೆ ಎಲೆ ಕೋಣೆಗೆ ಹೋಗಿ ಸಿಪಿಯುವಿನ ಹಿಂದೆ ಪುಟ್ಟಿಗಳನ್ನು ಒತ್ತೊತ್ತಾಗಿ ಇಟ್ಟ, ಸ್ವಿಚ್ಚು ಒತ್ತಿ ಬಾಗಿಲು ಹಾಕಿದ. ಕೆಲ ದಿನ ಕಳೆದು ನೋಡಿದರೆ ಎಲೆ ಹಸಿರಾಗಿಯೇ ಇತ್ತು. ಮಿಷನ್ನು ಸುಮ್ಮನೆ ಹಚ್ಚಿಟ್ಟರೆ ಬೆಚ್ಚಗೂ ಆಗುವುದಿಲ್ಲ. ಆಟ ಓಡಿದಾಗ ಮಾತ್ರ ಆ ಕಾರ್ಡಿಗೆ ಬೆವರು. ಇದು ಅವನ ತಲೆಗೆ ಹೊಳೆಯಲು ಇನ್ನೊಂದಷ್ಟು ಪುಟ್ಟಿ ಎಲೆ ಬೇಕಾಯಿತು.

“ಅಕ್ಕಾ, ಆಟ ಆಡು.”

ನೀಲಾಂಬಿಕಾ ಕವಳಿ ಕಟ್ಟುತ್ತಿದ್ದವಳು ತಲೆ ಎತ್ತಿದಳು. “ಏನಂದಿ?”

“ಆಡು ಅಂದೆ. ಆ ಬಂದೂಕಿಂದು. ಹೋಗಿ ಕುಂದ್ರು.”

“ಎಲಿ ಯಾರ ಕಟ್ಟವರು?”

“ಸಣ್ಣಾವನ್ನೆಲ್ಲಾ ಅವ್ವ ಕಟ್ತಾಳ. ನೀ ಆಡಾಕ ಹತ್ತು.”

ಅವಳು ಮೊದಮೊದಲು ಹಿಗ್ಗಿದಳು, ಸುಳ್ಳೇಕೆ. ಬೈದ ಬಾಯಿಯೇ ಆಡು ಎಂದರೆ ಯಾರಿಗೆ ಬೇಡ? ಆದರೆ ಹಿಗ್ಗು ಬಹಳ ದಿನ ಉಳಿಯಲಿಲ್ಲ. ಬಸವೇಶ ಬಂದು ಬಂದು ಮಿಷನ್ನಿನ ಹಿಂದೆ ಅಂಗೈ ಹಿಡಿದು ನೋಡುತ್ತಿದ್ದ. ಒಂದಾಟ ಮುಗಿದು ಇನ್ನೊಂದಕ್ಕೆ ತಂಡದವರು ಸೇರುವ ತನಕ ಕಾಯಬೇಕಲ್ಲ, ಆಗ ಕಾವು ಇಳಿಯುತ್ತಿತ್ತು.

“ಯಾಕ ಕುಂತಿ?”

“ಗೆಳತ್ಯಾರು ಬರಬೇಕು.”

“ನಿನ್ನ ಗೆಳತ್ಯಾರು ಬರೂ ತನಕ ಹುಬ್ಬಳ್ಳಿಯಂವ ಕಾಯ್ತಾನೇನು?” ಎಂದು ಅವನು ಹೆಡ್‌ಫೋನಿನ ವಾಯರು ಕಿತ್ತ. “ಒಬ್ಬಾಕಿ ಆಡು. ಆಡಾಕ ನಾಲ್ಕ ಮಂದಿ ಯಾಕ ಬೇಕು?”

ಅವನು ತೋಟಕ್ಕೆ ಹೋದಾಗ ಹಾಲವ್ವನ ಕಾವಲು. ಮಗಳ ಬೆನ್ನ ಹಿಂದೆ ಪೀಠ ಹಾಕಿಕೊಂಡು ಕೂತು ಅವಳೂ ಪರದೆ ನೋಡಲು ಕಲಿತಳು. ಜೀವಮಾನದಲ್ಲಿ ಮೊದಲ ಸಲ ಮಗಳಿಗೆ ಕೂತಲ್ಲಿಗೆ ಚಹಾ ತಂದಳು. ತಂದು, “ಕುಡುದು ಮುಂದ ಹೊಡಿ,” ಎಂದಳು. “ಅಲ್ಲೊಬ್ಬ ಓಡಾಕತ್ತಾನ ನೋಡು. ಹೊಡಿ ಅವನ್ನ.”

“ಅವಾ ನಮ್ಮ ಕಡೆಯಂವ.”

“ನಮ್ಮಂವಾದ್ರೇನು? ಹೊಡದ್ರ ಕಾವ ಬರ್ತೈತಿಲ್ಲೋ?”

ಮುಟ್ಟಿನ ದಿನ ಬಂತು. ಈಗಲಾದರೂ ಬಿಡುವು ಸಿಗುತ್ತದೆ ಎಂದು ನೀಲಾಂಬಿಕಾ ಅಟ್ಟ ಹತ್ತಿ ಮಲಗಿದಳು. ಕೆಳಗಿನಿಂದ ಗೋಡೆ ಕೊರೆಯುವ ಸದ್ದು ಬಂತು. ಅಜ್ಜಪ್ಪ ಕಟ್ಟಿಸಿದ ಗೋಡೆಗೆ ಒಂದು ಮೊಳೆ ಹೊಡೆಯಲೂ ಬಿಡದಿದ್ದ ಹಾಲವ್ವ ತಾನೇ ಗುದ್ದಲಿ ಹಿಡಿದ ಮಗನಿಗೆ ಜಾಗ ತೋರಿಸುತ್ತಿದ್ದಳು. ಗೋಡೆಗೆ ತೂತು ಬಿತ್ತು. ಪೆಟ್ಟಿಗೆ ಒಳಗೆ, ಪರದೆ ಕೀಬೋರ್ಡು ಹೊರಗೆ ಪಡಸಾಲೆಯಲ್ಲಿ, ನಡುವೆ ಉದ್ದದ ವಾಯರು.

“ಮಡಿ ಒಳಗಿರ್ತೈತಿ, ನೀ ಹೊರಗಿರ್ತಿ,” ಎಂದಳು ಹಾಲವ್ವ. “ಇನ್ನ ಏಳು, ಹೊತ್ತಾತು.”

“ಅವತ್ತ ಓಣಿ ಮುಂದ ಮುಟ್ಟು ಮಡಿ ಅಂತ ನನ್ನ ಮಾನ ಕಳದಿ. ಇವತ್ತ ನಿನ್ನ ಬಳ್ಳಿಗೆ ಕಣ್ಣ ಹೋದ್ವೇನು?”

“ಬಳ್ಳಿ ಸುದ್ದಿ ನನಗ ಬಿಡು. ನೀ ಆಡು.”

ಆ ವಾರ ಸಂಪದಾ ಮೊಬೈಲಿಗೆ ಫೋನು ಮಾಡಿದಳು. “ನೀಲಕ್ಕ, ಏನಾಗ್ಯದರಿ? ದಿನಾ ಆಟದಾಗ ಇರ್ತೀರಿ, ನಮ್ಮ ಜೋಡಿ ಬರೂದಿಲ್ಲ. ಉಳಿದವರು ನಿಮ್ಮ ಬದ್ಲಿ ಬ್ಯಾರೆಯವರನ್ನ ತಗೊಳ್ಳೋಣ ಅನ್ನಲಿಕತ್ತಾರ.”

“ಆಟ ಎಲ್ಲಿದು? ಎಲಿ ಬೆಳ್ಳಗ ಮಾಡಾಕತ್ತೇನಿ,” ಎಂದಳು ನೀಲಾಂಬಿಕಾ, ಇದ್ದದ್ದೆಲ್ಲ ಹೇಳಿದಳು. ಸಂಪದಾ ನಕ್ಕುಬಿಟ್ಟಳು.

“ನಗಬ್ಯಾಡ! ನಿನಗೇನು, ನಗ್ತಿ,” ಎಂದು ಇವಳು ಅವಳ ಮೇಲೂ ಹರಿಹಾಯ್ದಳು. ಆ ಕಡೆ ನಗು ನಿಂತಿತು. “ತಪ್ಪಾತರಿ,” ಎಂದ ದನಿ, “ನಾ ಒಬ್ಬಾಕಿನ ಇರ್ತೇನಿ. ಮ್ಯಾಲಿನ ಖೋಲಿ ಖಾಲಿ ಅದ. ಬೇಕಾದ್ರ ಬರ್ರಿ,” ಎಂದಿತು. ನೀಲಾಂಬಿಕಾ ಫೋನು ಇಟ್ಟು ಮತ್ತೆ ಆಟಕ್ಕೆ ಕೂತಳು. ಮನೆ ಬಿಡುವ ಯೋಚನೆ ಅವಳಿಗೆ ಇನ್ನೂ ಬಂದಿರಲಿಲ್ಲ. ಸಿಟ್ಟು ಮಾಡಿ ಹೊಸ್ತಿಲು ದಾಟಿದ್ದು ಎಷ್ಟೋ ಸಲ, ಆದರೆ ಮುಸ್ತಾಕನ ಅಂಗಡಿಯ ತನಕ ಹೋಗಿ ಹಸಿವಾದಾಗ ತಿರುಗಿ ಬರುತ್ತಿದ್ದಳು.

ಅಂದು ಮಧ್ಯಾಹ್ನ ಆಡುತ್ತ ಆಡುತ್ತ ಅವಳ ಕೈ ತಾನಾಗಿ ನಿಂತಿತು. ಪರದೆಯ ಮೇಲೆ ಬೆಟ್ಟ, ಬೆಟ್ಟದ ಮೇಲೆ ಮಂಜು. ಅವಳು ಗುರಿ ನೋಡುತ್ತಿರಲಿಲ್ಲ. ಎರಡನೇ ಪುಟ್ಟಿಯ ಎಲೆ ಈಗ ಯಾವ ಬಣ್ಣಕ್ಕೆ ತಿರುಗಿರಬಹುದು ಎಂದು ಯೋಚಿಸುತ್ತಿದ್ದಳು. ಅದು ತನಗೇ ಗೊತ್ತಾದಾಗ ಅವಳಿಗೆ ಮೈಯೆಲ್ಲ ಉರಿಯಿತು. ಕವಳಿ ಕಟ್ಟುವ ಕೆಲಸದಿಂದ ತಪ್ಪಿಸಿಕೊಂಡು ಹೋಗುತ್ತಿದ್ದ ಒಂದೇ ಜಾಗಕ್ಕೂ ಇವರು ಎಲೆ ತುಂಬಿದ್ದರು.

ಮರುದಿನ ಬೆಳಿಗ್ಗೆ ದೊಡ್ಡ ಕಾರ್ಡನ್ನು ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಮುಸ್ತಾಕನ ಅಂಗಡಿಗೆ ಹೋದಳು.

“ಬರ್ರಿ ಅಕ್ಕಾರ, ಕುಂದರ್ರಿ. ಏನು, ಸುಟ್ಟಕೊಂಡ್ರೇನು?”

“ನನಗ ಕಾಯದ ಕಾರ್ಡ ಬೇಕು ಮುಸ್ತಾಕಣ್ಣ. ಆಟ ಓಡಬೇಕು, ಕಾವು ಬರಬಾರ್ದು.”

ಮುಸ್ತಾಕ ಕಪಾಟಿನಿಂದ ಅಂಗೈಯಷ್ಟು ಉದ್ದದ ಒಂದು ಕಾರ್ಡು ತೆಗೆದ. “ಇದು ಹೊಸ ತಳಿರಿ. ಬ್ಯಾರೆ ಕರೆಂಟಿನ ವಾಯರೂ ಬ್ಯಾಡ, ಬೋರ್ಡಿನಾಗಿಂದ ತಗೊಂಡ ನಡೀತೈತಿ. ನಿಮ್ಮ ಆಟ ಇದರಾಗ ನೀರ ಕುಡದಂಗ ಓಡ್ತೈತಿ. ಕೈ ಇಟ್ರ ಚಾದ ಬಸಿಯಷ್ಟೂ ಬೆಚ್ಚಗ ಇರಂಗಿಲ್ಲ. ನಿಮ್ಮ ದೊಡ್ಡದನ್ನ ಶಿಗ್ಗಾವಿ ಅಲ್ತಾಫ ಕೇಳಾಕತ್ತಾನ, ಗೇಮಿನ ಅಂಗಡಿಗೆ. ಅದನ್ನ ಕೊಟ್ಟು ಇದನ್ನ ಒಯ್ಯಿರಿ.”

“ಕೊಟ್ಟೆ,” ಎಂದಳು.

ಮನೆಯಲ್ಲಿ ಅವಳು ಕಾರ್ಡು ಕೂಡಿಸುವಾಗ ಬಸವೇಶ ಬಂದು ನಿಂತ. “ಹೊಸಾದೇನು?”

“ಹೊಸಾದು.”

“ಮೊದಲಿಂದಕ್ಕಿಂತ ಚಲೋ ಐತೇನು?”

“ಬ್ಯಾರೆ ಮಾತಿಲ್ಲ. ಬಾಳ ಚಲೋ ಐತಿ.”

“ಇಷ್ಟ ಸಣ್ಣದೈತಿ?”

“ಈಗ ಎಲ್ಲಾ ಸಣ್ಣಾಗ್ಯಾವು. ನಿನ್ನ ಬುದ್ಧಿ ನೋಡ್ಕೊ.”

ಆ ಚುಚ್ಚು ಅವನಿಗೆ ತಟ್ಟಲಿಲ್ಲ. ಹೊಸದೆಂದರೆ ಜೋರು, ಜೋರೆಂದರೆ ಕಾವು, ಅವನ ಲೆಕ್ಕ ಅಷ್ಟೇ. ಕಾವು ಬರುತ್ತದೋ ಇಲ್ಲವೋ ಎಂದು ಕೇಳಲಿಲ್ಲ, ಅವಳು ಹೇಳಲಿಲ್ಲ. ಒಳಗಿನಿಂದ ವಿಭೂತಿ ತಂದು ಪೆಟ್ಟಿಗೆಯ ಹಣೆಗೆ ತಾನೇ ಹಚ್ಚಿದ. ಹುಬ್ಬಳ್ಳಿಗೆ ಫೋನು ಮಾಡಿ, ಈ ಸಲ ಗಾಡಿ ತುಂಬ ಬಿಳಿ ಎಲೆ ಕೊಡುತ್ತೇನೆ, ಗಾಡಿ ಕಳಿಸಿರಿ ಎಂದ. ಇದ್ದ ಪುಟ್ಟಿಗಳನ್ನೆಲ್ಲ ಮಿಷನ್ನಿನ ಸುತ್ತ ಒಟ್ಟಿ, ಕಾವು ಹೊರಗೆ ಹೋಗಬಾರದೆಂದು ಬಾಗಿಲಿಗೂ ಗೋಣಿ ಕಟ್ಟಿದ. ಮಾಲು ಗ್ಯಾರಂಟಿ ಎಂಬ ನಂಬಿಕೆಯಲ್ಲಿ ಅಂಗೈ ಹಿಡಿದು ನೋಡುವುದನ್ನೂ ಬಿಟ್ಟ.

ಆ ದಿನಗಳಲ್ಲಿ ನೀಲಾಂಬಿಕಾ ಪಡಸಾಲೆಯಲ್ಲಿ ಕೂತು ಸಂಪದಾಳ ತಂಡದ ಜೊತೆ ಆಡಿದಳು. ಕೂಗಿ ಕೂಗಿ ಆಡಿದಳು. ಓಣಿಗೆಲ್ಲ ಕೇಳಿಸಿತು.

ಗಾಡಿ ಬಂದು ಬಾಗಿಲಿಗೆ ನಿಂತ ಮುಂಜಾನೆ ಬಸವೇಶ ಗೋಣಿ ಬಿಚ್ಚಿದ. ಮೊದಲ ಪುಟ್ಟಿ ಹಸಿರು. ಎರಡನೆಯದು ಹಸಿರು. ತಂಪಿನಲ್ಲಿ ಕೂತು ಎಲೆ ಇನ್ನಷ್ಟು ಹೊಳೆಯುತ್ತಿತ್ತು. ಅವನು ಮಿಷನ್ನಿನ ಹಿಂದೆ ಕೈ ಹಿಡಿದ. ಪಡಸಾಲೆಯಲ್ಲಿ ಆಟ ಓಡುತ್ತಿತ್ತು, ಇಲ್ಲಿ ಗಾಳಿ ತಣ್ಣಗಿತ್ತು.

ಪುಟ್ಟಿ ಹಿಡಿದುಕೊಂಡೇ ಪಡಸಾಲೆಗೆ ಬಂದ. “ಏನ ಮಾಡಿದಿ?”

“ಅಪ್‌ಗ್ರೇಡ್ ಮಾಡಿದೆ.”

“ಕಾವೆಲ್ಲಿ ಹೋತು?”

“ಶಿಗ್ಗಾವಿಗೆ.”

ಅವನು ಪುಟ್ಟಿ ಎತ್ತಿ ಗೋಡೆಗೆ ಬಡಿದ. “ಗಾಡಿ ನಿಂತೈತಿ ಹೊರಗ! ಆ ಹಳೇದನ್ನ ಇವತ್ತ ತರಬೇಕು ನೀ!”

“ತರಂಗಿಲ್ಲ. ಕಾವು ಬೇಕಾದ್ರ ಇದ್ದಲಿ ಒಲಿ ಹಚ್ಕೊ.”

“ಇದ್ದಲಿ ಹಚ್ಚಿದ್ರ ಎಲಿಗೆ ಹೊಗಿ ವಾಸನಿ ಹತ್ತೈತಿ!”

“ಹತ್ಲಿ. ನನ್ನ ಆಟಕ್ಕ ಎಲಿ ವಾಸನಿ ಹತ್ತಿದಾಗ ನೀ ಮೂಗ ಮುಚ್ಚಿದ್ದೇನು?”

ಈ ಗದ್ದಲದಲ್ಲಿ ಹಾಲವ್ವ ಎಲೆ ಕೋಣೆಯೊಳಗೆ ಹೋದದ್ದನ್ನು ಯಾರೂ ನೋಡಲಿಲ್ಲ. ತಟ್ಟು ತೋಯಿಸುವ ಬಕೀಟು ಅಲ್ಲೇ ಇತ್ತು. ಎಲೆಗೆ ಹೊಡೆಯುವ ಹಾಗೆ ಅವಳು ಚರಿಗೆಯಲ್ಲಿ ನೀರು ತೆಗೆದು, ಓಡುತ್ತಿದ್ದ ಪೆಟ್ಟಿಗೆಯ ತೆರೆದ ಮೈಗೆ ಎರಚಿದಳು. ಚಟಾರೆಂದು ಕಿಡಿ ಹಾರಿತು, ಮನೆಯ ಕರೆಂಟು ಹೋಯಿತು, ಪರದೆ ಕಪ್ಪಾಯಿತು. ಹಾಲವ್ವ ಬೆಚ್ಚಿ ಹಿಂದೆ ಸರಿದಳು. ಆದರೆ ಬಾಯಿ ಬೆಚ್ಚಲಿಲ್ಲ.

“ಮನಿಗೆ ಬಾರದ್ದು ಯಾರಿಗೂ ಬ್ಯಾಡ.”

ನೀಲಾಂಬಿಕಾ ವಾಯರು ಕಿತ್ತು ಪೆಟ್ಟಿಗೆಯನ್ನು ಅಂಗಳಕ್ಕೆ ತಂದು ಸ್ಕ್ರೂಡ್ರೈವರ್ ಹಿಡಿದು ಕೂತಳು. ಕಾರ್ಡು, ಬೋರ್ಡು, ಫ್ಯಾನು ಒಂದೊಂದನ್ನೇ ಬಿಚ್ಚಿ ನೀರು ಕೊಡವಿ ಬಿಸಿಲಿಗೆ ಹರವಿದಳು. ಪವರ್ ಸಪ್ಲೈ ಸುಟ್ಟ ನಾತ ಹೊಡೆಯುತ್ತಿತ್ತು, ಅದನ್ನು ಬೇರೆ ಇಟ್ಟಳು. ಬೋರ್ಡು ಉಳಿದಿದೆಯೋ ಇಲ್ಲವೋ ಗೊತ್ತಿರಲಿಲ್ಲ. ಆ ಕೆಲಸದ ನಡುವೆಯೇ ಫೋನು ಹಚ್ಚಿದಳು.

“ಸಂಪದಾ, ಆ ಖೋಲಿ ಇನ್ನೂ ಖಾಲಿ ಐತೇನು?”

“ಅದರಿ ನೀಲಕ್ಕ. ಆದ್ರ ಮ್ಯಾಲೆ ತಗಡ ಅದ, ಬಿಸಲು ಬಾಳ. ನಿಮ್ಮ ಮಿಷನ್ನಿಗೆ ನಡೀತದೇನು?”

“ಉಳದಿದ್ರ ನಡೀತೈತಿ. ಉಳೀದಿದ್ರ ಮತ್ತೊಂದ ಜೋಡಸ್ತೇನಿ. ಅಲ್ಲೆ ರಿಪೇರಿ ಅಂಗಡಿ ಅದಾವಿಲ್ಲೋ? ಕೆಲಸ ಕೇಳಬೇಕು.”

ಮಾತು ಕಿವಿಗೆ ಬಿದ್ದು ಬಸವೇಶ ಹತ್ತಿರ ಬಂದು ಕುಕ್ಕರಗಾಲಿನಲ್ಲಿ ಕೂತ. ದನಿ ಇಳಿದಿತ್ತು. “ಅಕ್ಕಾ, ಅವ್ವ ತಲಿ ಕೆಟ್ಟು ಹಂಗ ಮಾಡಿದ್ಲು. ಸುಟ್ಟದ್ದನ್ನೆಲ್ಲಾ ನಾ ತಂದ ಕೊಡ್ತೇನಿ. ಶಿಗ್ಗಾವಿಗೆ ನಾನ ಹೋಗಿ ಆ ದೊಡ್ಡದನ್ನ ತರ್ತೇನಿ. ಎಲಿ ಕೋಣಿ ಪೂರಾ ನಿಂದಾ. ಯಾರೂ ಒಳಗ ಬರಂಗಿಲ್ಲ. ಆಡ್ಕೊಂಡಿರು.”

ಕೋಣೆ, ಅದೂ ತಂಪಿನ ಕೋಣೆ. ಅದನ್ನೇ ಕೇಳಿ ಅವಳು ಮನೆಯವರ ಜೊತೆ ಗುದ್ದಾಡಿದ್ದಳು. ನೀಲಾಂಬಿಕಾ ಅವನ ಮುಖ ನೋಡಿದಳು. ಅವನ ಕಣ್ಣು ಅವಳ ಮೇಲಿರಲಿಲ್ಲ. ಬಿಸಿಲಿಗೆ ಒಣಗುತ್ತಿದ್ದ ಫ್ಯಾನಿನ ಮೇಲಿತ್ತು.

“ನಿನಗ ಬೇಕಾದದ್ದು ಒಲಿ,” ಎಂದಳು. “ಒಲಿಗೆ ಅಕ್ಕ ಅನಬ್ಯಾಡ.”

ಒಣಗಿದ್ದನ್ನೆಲ್ಲ ಒಂದು ಪುಟ್ಟಿಯಲ್ಲಿ ಸೀರೆಗಳ ನಡುವೆ ಇಟ್ಟಳು. ಪರದೆಯನ್ನು ಚಾದರದಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡಳು. ಕೊಯ್ದ ತಗಡಿನ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟಳು. ಹಾಲವ್ವ ಬಾಗಿಲ ಹತ್ತಿರ ಹಸಿರು ಎಲೆಯ ರಾಶಿಯ ಮುಂದೆ ಕೂತಿದ್ದಳು. ಬಿಳಿ ಇಲ್ಲದಿದ್ದರೆ ಹಸಿರನ್ನಾದರೂ ತುಂಬಿ ಕಳಿಸಬೇಕು, ಅದಿನ್ನೂ ಕವಳಿಯಾಗಿರಲಿಲ್ಲ.

“ಹೋಗಾಕಿ ಇದನ್ನ ಕಟ್ಟಿಟ್ಟು ಹೋಗ್ಲಿ ಅನ್ರಿ,” ಎಂದಳು ಗೋಡೆಗೆ. “ನಾಳಿಗೆ ಹಸದು ಬರ್ತಾಳಲ್ಲ, ಆಗ ನೋಡ್ಕೊಳ್ಳಾಕ ಬರ್ತೈತಿ.”

“ನನಗ ಹೇಳೂದಿದ್ರ ನನ್ನ ಕಡೆ ನೋಡಿ ಹೇಳವಾ.”

ಹಾಲವ್ವ ತಿರುಗಲಿಲ್ಲ. ನೀಲಾಂಬಿಕಾ ಪುಟ್ಟಿಯನ್ನು ಸೊಂಟಕ್ಕೆ ಏರಿಸಿ, ಎಲೆ ತುಳಿಯದಂತೆ ರಾಶಿಯ ಪಕ್ಕದಿಂದ ಹಾದು ಹೊಸ್ತಿಲು ದಾಟಿದಳು. ಹುಬ್ಬಳ್ಳಿಯ ಗಾಡಿ ಬಾಗಿಲಿಗೆ ಅಡ್ಡ ನಿಂತಿತ್ತು. ಡ್ರೈವರು ಸ್ಟೇರಿಂಗಿನ ಮೇಲೆ ತಲೆ ಇಟ್ಟು ತೂಕಡಿಸುತ್ತಿದ್ದ. ಅವಳು ಗಾಡಿಯ ತಗಡನ್ನು ಬಡಿದಳು.

“ಏ ಯಪ್ಪಾ, ಗಾಡಿ ಹಿಂದಕ್ಕ ತಗಿ. ಹಾನಗಲ್ ಬಸ್ಸಿಗೆ ಹೊತ್ತಾಗಾಕತ್ತೈತಿ.”

ಅವನು ಎಚ್ಚೆತ್ತು, “ಮಾಲ ತುಂಬೋದೈತಿ ಅಕ್ಕಾರ,” ಎಂದ.

“ಅದು ಅವರ ಮಾಲು. ನೀ ಗಾಡಿ ತಗಿ.”

ಗಾಡಿ ಹಿಂದಕ್ಕೆ ಸರಿಯಿತು. ಅವಳು ಗೋಡೆಗೂ ಗಾಡಿಗೂ ನಡುವೆ ಪರದೆ ತಾಗದಂತೆ ಬೆನ್ನು ಓರೆ ಮಾಡಿಕೊಂಡು ಹೊರಬಿದ್ದು, ಬಸ್ ಸ್ಟ್ಯಾಂಡಿನ ಕಡೆ ನಡೆದಳು.